ತೋಳವಾದವನ ಸರ್ವನಾಮ: ಹದಿಹರೆಯದ ಪ್ರಣಯಕಥೆಯೊಂದರ ಮರು ಓದು

ಒಮ್ಮೆ ಓದಿ ಮುಗಿಸಿದ ಪಠ್ಯಕ್ಕೆ ಹಲವು ವರ್ಷಗಳ ತರುವಾಯ ಮರಳುವ ಕ್ರಿಯೆಯನ್ನು ಕನ್ನಡ ವಿಮರ್ಶೆ ಬಹುಮಟ್ಟಿಗೆ ಅಭಿಜಾತ ಕೃತಿಗಳಿಗೆ ಮೀಸಲಿರಿಸಿದೆ. ಪಂಪ, ಕುಮಾರವ್ಯಾಸ, ಕುವೆಂಪು ಮೊದಲಾದವರ ಮರು ಓದು ಕನ್ನಡ ವಿಭಾಗಗಳಲ್ಲಿ ನಿರಂತರವಾಗಿ ನಡೆದುಬಂದಿದೆ. ಜನಪ್ರಿಯ ಕಾದಂಬರಿಗೆ ಮಾತ್ರ ಈ ಗೌರವ ದಕ್ಕಿಲ್ಲ. ಅದು ಒಮ್ಮೆ ಓದಿ ಮರೆಯಬೇಕಾದದ್ದು, ಅದಕ್ಕೆ ಮರಳುವುದೆಂದರೆ ಹಳೆಯ ದಿನಗಳ ಹಂಬಲವೇ ಹೊರತು ಓದಲ್ಲ ಎಂಬ ಗ್ರಹಿಕೆ ಬಲವಾಗಿದೆ. ಈ ಗ್ರಹಿಕೆ ಎಷ್ಟು ಸರಿ ಎಂಬುದನ್ನು ತೀರ ಅನಿರೀಕ್ಷಿತವಾದ ಒಂದು ಉದಾಹರಣೆಯ ಮೂಲಕ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಉದಾಹರಣೆ ಕನ್ನಡದ್ದಲ್ಲ. ಇಂಗ್ಲಿಷಿನಲ್ಲಿ ಹದಿಹರೆಯದವರಿಗಾಗಿ ಬರೆದ, ಮನುಷ್ಯ ತೋಳವಾಗುವ ಕಥಾವಸ್ತುವಿನ ಪ್ರಣಯ ಕಾದಂಬರಿಗಳ ಸರಣಿ. ಆದರೆ ಅದರ ಓದುಗರಲ್ಲಿ ಕನ್ನಡದ ಮನೆಗಳ ಮಕ್ಕಳೂ ಇದ್ದರು ಎಂಬುದನ್ನು ಮರೆಯುವಂತಿಲ್ಲ.

2009ರಿಂದ ಮುಂದಿನ ನಾಲ್ಕಾರು ವರ್ಷಗಳಲ್ಲಿ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಪ್ರೌಢಶಾಲೆ ಅಥವಾ ಪದವಿಪೂರ್ವ ತರಗತಿಯಲ್ಲಿದ್ದವರು ಈಗ ಮೂವತ್ತರ ಆಸುಪಾಸಿನಲ್ಲಿದ್ದಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂಬ ವಿಭಜನೆ ದಕ್ಷಿಣ ಬೆಂಗಳೂರಿನ ಮಧ್ಯಮವರ್ಗದಲ್ಲಿ ಆ ಹೊತ್ತಿಗೆ ಪೂರ್ಣಗೊಂಡಿತ್ತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲವೆಂದು 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯ ಹೇಳಿದಾಗ, ಈ ಬಡಾವಣೆಗಳ ಮಟ್ಟಿಗೆ ಅದು ಆಗಿಹೋದುದರ ಅಂಗೀಕಾರವಷ್ಟೇ ಆಗಿತ್ತು. ಇಂಥ ಮನೆಗಳ ಹುಡುಗಿಯರ ತಾಯಂದಿರು ತಮ್ಮ ಹರೆಯದಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ ಅವರನ್ನು ವಾರಪತ್ರಿಕೆಗಳಲ್ಲೂ ಬಾಡಿಗೆ ಗ್ರಂಥಾಲಯಗಳಲ್ಲೂ ಓದಿದ್ದರು. ಹೆಣ್ಣುಮಕ್ಕಳು ಅದೇ ವಯಸ್ಸಿನಲ್ಲಿ ಸ್ಟೆಫನಿ ಮೇಯರ್ ಮತ್ತು ಮ್ಯಾಗಿ ಸ್ಟೀಫ್‌ವಾಟರ್ ಅವರನ್ನು ಓದಿದರು. ಒಂದೇ ಮನೆಯ ಎರಡು ತಲೆಮಾರುಗಳು ಬಯಕೆಯ ನುಡಿಯನ್ನು ಎರಡು ಭಾಷೆಗಳಲ್ಲಿ ಕಲಿತವು. ಕನ್ನಡದಲ್ಲಿ ಮಕ್ಕಳ ಸಾಹಿತ್ಯವಿದೆ, ದೊಡ್ಡವರ ಸಾಹಿತ್ಯವಿದೆ. ನಡುವಣ ಹದಿನಾಲ್ಕರಿಂದ ಹದಿನೆಂಟರ ವಯಸ್ಸಿಗೆ ಎಂದೇ ಗುರುತಿಸಬಹುದಾದ ಕಪಾಟು ಬಹುತೇಕ ಖಾಲಿ. ಆ ಖಾಲಿ ಜಾಗದಲ್ಲಿ ಬಂದು ಕೂತದ್ದು ತೋಳ.

ಸ್ಟೀಫ್‌ವಾಟರ್ ಅವರ ಸರಣಿಯ ಹೆಸರು 'ದಿ ವುಲ್ವ್ಸ್ ಆಫ್ ಮರ್ಸಿ ಫಾಲ್ಸ್'. 'ಶಿವರ್' (2009), 'ಲಿಂಗರ್' (2010), 'ಫಾರೆವರ್' (2011) ಎಂಬ ಮೂರು ಸಂಪುಟಗಳು ಮುಖ್ಯವಾದವು. 2014ರಲ್ಲಿ ಪ್ರಕಟವಾದ 'ಸಿನ್ನರ್' ಇದೇ ಲೋಕದ ಬೇರೆ ಪಾತ್ರಗಳದ್ದು. ಕಥೆ ನಡೆಯುವುದು ಅಮೆರಿಕದ ಮಿನೆಸೋಟ ರಾಜ್ಯದ ಕಲ್ಪಿತ ಊರೊಂದರಲ್ಲಿ. ಗ್ರೇಸ್ ಎಂಬ ಹುಡುಗಿಯನ್ನು ಬಾಲ್ಯದಲ್ಲಿ ತೋಳಗಳು ಕಚ್ಚಿ ಎಳೆದೊಯ್ದಿರುತ್ತವೆ. ಹಳದಿ ಕಣ್ಣಿನ ಒಂದು ತೋಳ ಅವಳನ್ನು ಉಳಿಸಿರುತ್ತದೆ. ಪ್ರತಿ ಚಳಿಗಾಲ ಮನೆಯ ಹಿಂದಿನ ಕಾಡಿನಂಚಿನಲ್ಲಿ ಅದನ್ನು ಕಾಣುತ್ತ ಬೆಳೆಯುವ ಅವಳಿಗೆ ಹದಿನೇಳನೆಯ ವಯಸ್ಸಿನಲ್ಲಿ ಅದು ಸ್ಯಾಮ್ ಎಂಬ ತರುಣನೆಂದು ತಿಳಿಯುತ್ತದೆ. ಇಲ್ಲಿ ಹುಣ್ಣಿಮೆಗೆ ಕೆಲಸವಿಲ್ಲ. ಚಳಿ ಹೆಚ್ಚಾದರೆ ತೋಳ, ಬಿಸಿಲೇರಿದರೆ ಮನುಷ್ಯ. ವರ್ಷದಿಂದ ವರ್ಷಕ್ಕೆ ಮನುಷ್ಯನಾಗಿರುವ ಅವಧಿ ಕುಗ್ಗುತ್ತದೆ. ಕೊನೆಗೊಂದು ಬೇಸಿಗೆಯಲ್ಲಿ ಅವನು ಮರಳುವುದೇ ಇಲ್ಲ. ಮೊದಲ ಸಂಪುಟದ ಅಧ್ಯಾಯಗಳ ತಲೆಯ ಮೇಲೆ ಆ ಹೊತ್ತಿನ ಉಷ್ಣಾಂಶವನ್ನು ನಮೂದಿಸಿರುವುದರಿಂದ ಓದುಗರು ಕಥೆಗಿಂತ ಮೊದಲು ಅಂಕಿಯನ್ನು ನೋಡಿ ಆತಂಕಪಡುವಂತಾಗುತ್ತದೆ. ಸರಳವಾದರೂ ಪರಿಣಾಮಕಾರಿಯಾದ ತಂತ್ರವಿದು. ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್ ಆಗಿರುವ ಬೆಂಗಳೂರಿನಲ್ಲಿ ಕುಳಿತು ಓದುವವರಿಗೆ ಈ ಚಳಿ ಸಂಪೂರ್ಣ ಕಲ್ಪನೆಯದು. ಬಹುಶಃ ಆದ್ದರಿಂದಲೇ ಅದು ಇನ್ನಷ್ಟು ಮೋಹಕವಾಗಿ ಕಂಡಿರಬೇಕು.

ಮೊದಲ ಓದಿನ ಕೇಂದ್ರ ಕಿಟಕಿ. ಕಿಟಕಿಯ ಒಳಗೆ ಹುಡುಗಿ, ಹೊರಗೆ ತೋಳ, ನಡುವೆ ಕಾಯುವಿಕೆ. ಹದಿಹರೆಯದ ಓದುಗಳು ತನ್ನನ್ನು ಗುರುತಿಸಿಕೊಳ್ಳುವುದು ಈ ಕಾಯುವವಳ ಜೊತೆಗೆ. ಅಮೆರಿಕದ ವಿದ್ವಾಂಸೆ ಜಾನಿಸ್ ರ್ಯಾಡ್ವೇ 1984ರ 'ರೀಡಿಂಗ್ ದಿ ರೊಮ್ಯಾನ್ಸ್' ಎಂಬ ಅಧ್ಯಯನದಲ್ಲಿ, ಪ್ರಣಯ ಕಾದಂಬರಿ ಓದುವ ಗೃಹಿಣಿಯರಿಗೆ ಕಥೆಯಷ್ಟೇ ಓದುವ ಕ್ರಿಯೆಯೂ ಮುಖ್ಯವಾಗಿತ್ತು, ಅದು ಮನೆವಾರ್ತೆಯಿಂದ ತಮಗಾಗಿ ಕಾದಿರಿಸಿಕೊಂಡ ಹೊತ್ತಾಗಿತ್ತು ಎಂದು ತೋರಿಸಿದ್ದರು. ಪರೀಕ್ಷೆ, ಮನೆಪಾಠ, ಸಿ.ಇ.ಟಿ. ತಯಾರಿಗಳ ನಡುವಿನ ಹುಡುಗಿಗೂ ಈ ಮಾತು ಅನ್ವಯಿಸುತ್ತದೆ. ಅವಳ ಓದಿನಲ್ಲಿ ಗ್ರೇಸಳ ತಂದೆತಾಯಿ ಇಲ್ಲವೇ ಇಲ್ಲ. ಮಗಳ ಕೋಣೆಯಲ್ಲಿ ತರುಣನೊಬ್ಬ ದಿನಗಟ್ಟಲೆ ಇದ್ದರೂ ಅವರ ಗಮನಕ್ಕೆ ಬಾರದು. ಇದು ಕಥೆಗೆ ಅನುಕೂಲ, ಓದುಗಳಿಗೆ ಕನಸು. ಜಯನಗರದ ಎರಡು ಕೋಣೆಯ ಮನೆಯಲ್ಲಿ, ಅಜ್ಜಿಯ ಹಾಸಿಗೆಯ ಪಕ್ಕದಲ್ಲಿ ಮಲಗುವ ಹುಡುಗಿಗೆ ಗಮನಿಸದ ತಂದೆತಾಯಿಗಿಂತ ದೊಡ್ಡ ಐಶ್ವರ್ಯ ಬೇರೆ ಇರಲಾರದು.

ಮೂವತ್ತರ ಮರು ಓದಿನಲ್ಲಿ ಪಠ್ಯದ ತೂಕ ಅಚ್ಚರಿ ಹುಟ್ಟಿಸುವಷ್ಟು ಸ್ಥಳಾಂತರಗೊಳ್ಳುತ್ತದೆ. ಕಿಟಕಿ ಹಿಂದೆ ಸರಿದು ಮನೆ ಮುಂದೆ ಬರುತ್ತದೆ. ತೋಳ ಕಚ್ಚಿದ ಮೇಲೂ ಗ್ರೇಸ್ ಏಕೆ ತೋಳವಾಗಲಿಲ್ಲ ಎಂಬುದು ಮೊದಲ ಸಂಪುಟದ ಒಗಟು. ಉತ್ತರ ಇಷ್ಟು: ಅವಳ ತಂದೆ ಮರೆತು ಅವಳನ್ನು ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟುಹೋಗಿದ್ದ, ಸಾವಿನಂಚಿಗೆ ಒಯ್ದ ಆ ತಾಪವೇ ಒಳಗಿದ್ದ ತೋಳವನ್ನು ಸುಟ್ಟುಹಾಕಿತ್ತು. ಹರೆಯದ ಓದಿನಲ್ಲಿ ಇದು ಚಿಕಿತ್ಸೆಗೆ ದೊರೆತ ಸುಳಿವು ಮಾತ್ರ. ಮರು ಓದಿನಲ್ಲಿ ಅದೇ ವಾಕ್ಯಗಳು ಮಗುವನ್ನು ಮರೆತ ತಂದೆಯ ಕಥೆಯಾಗುತ್ತವೆ. ಸ್ಯಾಮ್‌ನ ಕಥೆ ಇನ್ನೂ ಕ್ರೂರ. ಮಗ ಪ್ರಾಣಿಯಾಗುವುದನ್ನು ಕಂಡ ಹೆತ್ತವರು ಅವನನ್ನು ಸ್ನಾನದ ತೊಟ್ಟಿಯಲ್ಲಿ ಮಣಿಕಟ್ಟು ಕೊಯ್ದು ಕೊಲ್ಲಲು ಯತ್ನಿಸಿರುತ್ತಾರೆ. ನೀರು ತುಂಬಿದ ತೊಟ್ಟಿಯನ್ನು ಅವನು ಮುಂದೆಂದೂ ಸಹಿಸಲಾರ. ಅವನನ್ನು ಸಾಕಿದ ಬೆಕ್ ಪ್ರೀತಿಯ ತಂದೆಯಂತಿದ್ದಾನೆ. ಅವನನ್ನು ಆರಿಸಿ ತೋಳವಾಗಿಸಿದವನೂ ಆತನೇ ಎಂಬುದು ಸರಣಿ ಮುಂದುವರಿದಂತೆ ತಿಳಿಯುತ್ತದೆ. ಎರಡನೆಯ ಸಂಪುಟದಲ್ಲಿ ಗ್ರೇಸಳ ತಂದೆತಾಯಿ ಮಗಳ ಕೋಣೆಯಲ್ಲಿ ಸ್ಯಾಮ್‌ನನ್ನು ಕಂಡು ಕೆರಳಿ, ಅದುವರೆಗೆ ನಿಭಾಯಿಸದ ಜವಾಬ್ದಾರಿಯನ್ನು ಅಧಿಕಾರದ ರೂಪದಲ್ಲಿ ಚಲಾಯಿಸತೊಡಗುತ್ತಾರೆ. ಪ್ರಣಯಕಥೆಯ ಹೊದಿಕೆಯೊಳಗೆ ಇರುವುದು ಹಿರಿಯರು ಕೈಬಿಟ್ಟ ಮಕ್ಕಳ ಕಥೆ. ಹದಿನಾರರ ಓದುಗಳಿಗೆ ಇದು ಕಾಣದಿದ್ದುದು ಓದಿನ ದೋಷವಲ್ಲ. ಆ ವಯಸ್ಸಿಗೆ ಹಿರಿಯರು ಹವಾಮಾನದ ಹಾಗೆ; ಇರುತ್ತಾರೆ, ಆದರೆ ಪಾತ್ರಗಳಾಗಿರುವುದಿಲ್ಲ.

ಈ ಬದಲಾದ ಓದು ಕನ್ನಡದ ಸ್ವಂತ ರೂಪಾಂತರ ಕಥನಗಳ ಕಡೆಗೆ ದಾರಿ ತೆರೆಯುತ್ತದೆ. ಪ್ರಾಣಿರೂಪ ತಾಳಿದ ಪ್ರಿಯನಿಗಾಗಿ ಕಾಯುವ ಹೆಣ್ಣು ಕನ್ನಡಕ್ಕೆ ಹೊಸಬಳಲ್ಲ. ಬಾಣನ ಸಂಸ್ಕೃತ ಗದ್ಯವನ್ನು ಚಂಪೂ ರೂಪಕ್ಕೆ ತಂದ ನಾಗವರ್ಮನ 'ಕರ್ಣಾಟಕ ಕಾದಂಬರಿ'ಯಲ್ಲಿ ಮಹಾಶ್ವೇತೆ ಅಚ್ಛೋದ ಸರಸ್ಸಿನ ದಡದಲ್ಲಿ ಅಗಲಿದ ಪುಂಡರೀಕನಿಗಾಗಿ ತಪಸ್ಸಿನಲ್ಲಿದ್ದಾಳೆ. ಅವಳಲ್ಲಿ ಮೋಹಗೊಂಡು ಬಂದ ವೈಶಂಪಾಯನನನ್ನು ಗಿಳಿಯಾಗೆಂದು ಶಪಿಸುತ್ತಾಳೆ. ಆ ವೈಶಂಪಾಯನನೇ ಮರುಹುಟ್ಟು ಪಡೆದ ಪುಂಡರೀಕ. ತಾನು ಕಾಯುತ್ತಿದ್ದವನನ್ನು ತಾನೇ ಪಕ್ಷಿಯಾಗಿಸಿದ ಈ ವಿಪರ್ಯಾಸಕ್ಕೆ ಸರಿಸಾಟಿಯಾದದ್ದು ಇಂಗ್ಲಿಷ್ ಸರಣಿಯಲ್ಲಿಲ್ಲ. ಇತ್ತ ಕಾದಂಬರಿಯು ಚಂದ್ರಾಪೀಡನ ಕೆಡದ ದೇಹವನ್ನು ಉಪಚರಿಸುತ್ತ ಕುಳಿತಿದ್ದಾಳೆ. ಇಲ್ಲಿ ರೂಪಾಂತರಕ್ಕೆ ಶಾಪ ಕಾರಣ, ಶಾಪಕ್ಕೆ ಅವಧಿ ಉಂಟು. ಮರ್ಸಿ ಫಾಲ್ಸ್‌ನಲ್ಲಿ ರೂಪಾಂತರಕ್ಕೆ ರೋಗ ಕಾರಣ, ಅವಧಿ ಕುಗ್ಗುತ್ತ ಹೋಗುತ್ತದೆ. ಮೊದಲನೆಯದರಲ್ಲಿ ಕಾಲ ಪ್ರೇಮಿಗಳ ಪರ, ಎರಡನೆಯದರಲ್ಲಿ ವಿರುದ್ಧ.

ಇದಕ್ಕಿಂತ ಹತ್ತಿರದ ಹೋಲಿಕೆ ಜಾನಪದದಲ್ಲಿದೆ. ಎ.ಕೆ. ರಾಮಾನುಜನ್ ಅವರು ಸಂಗ್ರಹಿಸಿದ, ಅವರ ಮರಣಾನಂತರ 1997ರಲ್ಲಿ ಹೊರಬಂದ ಇಂಗ್ಲಿಷ್ ಸಂಕಲನಕ್ಕೆ ಹೆಸರನ್ನೂ ಕೊಟ್ಟ ಹೂಮರವಾಗುವ ಹುಡುಗಿಯ ಕನ್ನಡ ಕಥೆ ಸುಪರಿಚಿತ. ಗಿರೀಶ ಕಾರ್ನಾಡರು 1992ರಲ್ಲಿ 'ಚೆಲುವಿ' ಎಂಬ ಹಿಂದಿ ಚಿತ್ರವನ್ನೂ, ಅಮೆರಿಕದ ಸಂಗೀತ ಸಂಯೋಜಕ ಜಾನ್ ಆಡಮ್ಸ್ 2006ರಲ್ಲಿ ಒಂದು ಒಪೆರಾವನ್ನೂ ಈ ಕಥೆಯಿಂದ ರೂಪಿಸಿದರು. ಬಡತನದ ಮನೆಯ ಕಿರಿಯ ಹುಡುಗಿ ಒಂದು ಬಿಂದಿಗೆ ನೀರು ಹೊಯ್ಸಿಕೊಂಡು ಹೂಮರವಾಗುತ್ತಾಳೆ, ಇನ್ನೊಂದು ಬಿಂದಿಗೆ ಹೊಯ್ದಾಗ ಮರಳಿ ಹೆಣ್ಣಾಗುತ್ತಾಳೆ. ಕೊಂಬೆ ಮುರಿಯಬಾರದು, ಹೂವನ್ನಷ್ಟೇ ಹಗುರಾಗಿ ಕೀಳಬೇಕು. ಅಕ್ಕ ಎಚ್ಚರದಿಂದ ನೀರು ಹೊಯ್ಯುತ್ತಾಳೆ. ಮದುವೆಯಾದ ಮೇಲೆ ರಾಜಕುಮಾರ ಪ್ರತಿರಾತ್ರಿ ಹೂ ಬಯಸುತ್ತಾನೆ. ಮುಂದೆ ನಾದಿನಿಯೂ ಅವಳ ಗೆಳತಿಯರೂ ತೋಟದಲ್ಲಿ ಕೊಂಬೆ ಮುರಿದು, ನೀರನ್ನು ಬೇಕಾಬಿಟ್ಟಿ ಎರಚಿ ಹೊರಟುಹೋಗುತ್ತಾರೆ. ಅವಳು ಕೈಕಾಲಿಲ್ಲದ ಅರೆದೇಹವಾಗಿ ಚರಂಡಿಯಲ್ಲಿ ಬೀಳುತ್ತಾಳೆ. ಹೂ ಬಿಡುವ ಹೊತ್ತೇ ಹೆಣ್ಣು ಅತ್ಯಂತ ಅರಕ್ಷಿತಳಾಗಿರುವ ಹೊತ್ತು ಎಂಬುದನ್ನು ರಾಮಾನುಜನ್ ತಮ್ಮ ವಿವೇಚನೆಯಲ್ಲಿ ಎತ್ತಿ ತೋರಿಸಿದ್ದಾರೆ. ಕೊನೆಯಲ್ಲಿ ಗಂಡ ಮುರಿದ ಕೊಂಬೆಗಳನ್ನು ಒಂದೊಂದಾಗಿ ಜೋಡಿಸಿ ಕಟ್ಟಿ ನೀರು ಹೊಯ್ದಾಗಲೇ ಅವಳು ಪೂರ್ಣಳಾಗುತ್ತಾಳೆ.

ಇಲ್ಲಿ ಗಮನಿಸಬೇಕಾದದ್ದು ಕೈಗಳನ್ನು. ಜಾನಪದ ಕಥೆಯಲ್ಲಿ ಮರಳಿ ಮನುಷ್ಯಳಾಗುವುದು ಇನ್ನೊಬ್ಬರ ಕೈಯಲ್ಲಿದೆ. ಆದ್ದರಿಂದ ಯಾರು ತಪ್ಪಿದರು ಎಂಬುದು ಕೇಳುಗರೆಲ್ಲರಿಗೂ ಗೊತ್ತು. ಅಕ್ಕನ ಕೈ, ನಾದಿನಿಯ ಕೈ, ಗಂಡನ ಕೈ ಎಂದು ಎಣಿಸಬಹುದು. ಸ್ಟೀಫ್‌ವಾಟರ್ ಅವರ ಕಥೆಯಲ್ಲಿ ರೂಪಾಂತರವನ್ನು ಉಷ್ಣಾಂಶಕ್ಕೆ ಒಪ್ಪಿಸಿರುವುದರಿಂದ ಹೊಣೆ ಮೇಲ್ನೋಟಕ್ಕೆ ಯಾರದೂ ಅಲ್ಲ. ಚಳಿಯನ್ನು ದೂರಲಾಗದು. ಕಾರಿನ ಬಾಗಿಲು ಮುಚ್ಚಿದ ಕೈ, ತೊಟ್ಟಿಗೆ ನೀರು ತುಂಬಿದ ಕೈ ಪಠ್ಯದೊಳಗೆ ಇದ್ದರೂ ಹಿಮದ ಅಡಿಯಲ್ಲಿ ಅಡಗಿವೆ. ಮರು ಓದು ಮಾಡುವ ಕೆಲಸ ಆ ಕೈಗಳನ್ನು ಹುಡುಕುವುದು. ಹೂಮರದ ಕಥೆಯನ್ನು ಬಲ್ಲ ಕನ್ನಡದ ಓದುಗಳಿಗೆ ಅದು ತುಸು ಸುಲಭವಾದೀತು.

ಕಾರ್ನಾಡರ 'ನಾಗಮಂಡಲ'ವೂ ರಾಮಾನುಜನ್ ಅವರಿಂದ ಕೇಳಿದ ಕಥೆಗಳಿಂದ ಹುಟ್ಟಿದ್ದು. ಶಂಕರನಾಗ್ ತಮ್ಮ 'ಸಂಕೇತ್' ತಂಡಕ್ಕಾಗಿ ಇದನ್ನು ರಂಗಕ್ಕೆ ತಂದಿದ್ದರು. ಅವರ ನೆನಪಿನ 'ರಂಗಶಂಕರ' 2004ರಿಂದ ಜೆ.ಪಿ. ನಗರದಲ್ಲಿದೆ. 1997ರಲ್ಲಿ ಟಿ.ಎಸ್. ನಾಗಾಭರಣರ ಚಲನಚಿತ್ರ ಬಂತು. ಹೀಗೆ ತೋಳದ ಕಥೆ ಓದುತ್ತಿದ್ದ ಹುಡುಗಿಯರ ಬಡಾವಣೆಗಳಿಗೆ ಪ್ರಾಣಿಪ್ರಿಯನ ಕನ್ನಡ ಕಥೆ ದೂರದ್ದೇನೂ ಆಗಿರಲಿಲ್ಲ. (1993ರಲ್ಲಿ ಈ ನಾಟಕ ಇಂಗ್ಲಿಷಿನಲ್ಲಿ ಪ್ರದರ್ಶನಗೊಂಡದ್ದು ಮಿನೆಸೋಟದ ಗಥ್ರಿ ರಂಗಮಂದಿರದಲ್ಲಿ. ನಾಗಪ್ಪ ತೋಳಗಳ ನಾಡಿಗೆ ಮೊದಲೇ ಹೋಗಿಬಂದಿದ್ದ ಎನ್ನಬಹುದು.) ರಾಣಿಯೂ ವಯಸ್ಸಿನಲ್ಲಿ ಹುಡುಗಿಯೇ. ಗಂಡ ಅಪ್ಪಣ್ಣ ಹಗಲು ಬಂದು ಉಂಡು ಬೀಗ ಹಾಕಿ ಹೋಗುತ್ತಾನೆ. ರಾತ್ರಿ ಅವನ ರೂಪದಲ್ಲಿ ನಾಗ ಬರುತ್ತಾನೆ. ತರಗತಿಗಳಲ್ಲಿ ರಾಣಿಗೆ ನಿಜ ತಿಳಿದಿತ್ತೇ ಇಲ್ಲವೇ ಎಂಬ ಪ್ರಶ್ನೆಯೇ ಬಹುಕಾಲ ಚರ್ಚೆಯನ್ನು ಆಳಿದೆ. ಆದರೆ ಮೊದಲ ಇರುಳುಗಳಲ್ಲಿ ರಾಣಿ ಕನವರಿಸುವುದು ಪ್ರಿಯನನ್ನಲ್ಲ, ತನ್ನನ್ನು ಹೆತ್ತವರ ಬಳಿಗೆ ಒಯ್ಯುವ ಹದ್ದನ್ನು. ಪ್ರಾಣಿಪ್ರಿಯನ ಕಥೆ ಇಲ್ಲಿಯೂ ಶುರುವಾಗುವುದು ಮನೆಯನ್ನು ಕಳೆದುಕೊಂಡ ಮಗುವಿನಿಂದ.

ಸ್ಟೆಫನಿ ಮೇಯರ್ ಅವರ 'ಟ್ವೈಲೈಟ್' ಸರಣಿಯ (2005–2008) ಮರು ಓದು ಬೇರೆ ಬಗೆಯ ಇರುಸುಮುರುಸನ್ನು ಉಂಟುಮಾಡುತ್ತದೆ. 2020ರಲ್ಲಿ ಅದೇ ಕಥೆಯನ್ನು ನಾಯಕನ ಕಡೆಯಿಂದ ಹೇಳುವ 'ಮಿಡ್‌ನೈಟ್ ಸನ್' ಬಂದಾಗ ಹಳೆಯ ಓದುಗರು ಅನೇಕರು ಮರಳಿದರು. ಅಲ್ಲಿನ ತೋಳಗಳು ಕಲ್ಪಿತ ಜನರಲ್ಲ. ವಾಷಿಂಗ್ಟನ್ ರಾಜ್ಯದ ಕಡಲತೀರದ ಲಾ ಪುಶ್‌ನಲ್ಲಿ ಬದುಕುವ ಕ್ವಿಲ್ಯೂಟ್ ಎಂಬ ನಿಜವಾದ ಬುಡಕಟ್ಟಿನ ತರುಣರು. ಆ ಜನರ ಸ್ವಂತ ಉತ್ಪತ್ತಿಕಥೆಯಲ್ಲಿ ಮಾರ್ಪಡಿಸುವ ಶಕ್ತಿಯೊಂದು ತೋಳಗಳನ್ನು ಮನುಷ್ಯರನ್ನಾಗಿಸುತ್ತದೆ. ಕಾದಂಬರಿ ಇದನ್ನು ತಿರುಗಿಸಿ ಮನುಷ್ಯರನ್ನು ತೋಳಗಳಾಗಿಸಿತು. ಅವರ ಪುರಾಣದ ಹೆಸರಿನಲ್ಲಿ ಕಾದಂಬರಿ ಹೇಳುವ ಕಥೆಯಲ್ಲಿ ಕುಲವನ್ನು ಉಳಿಸಲು ಪ್ರಾಣತೆತ್ತ ಮೂರನೆಯ ಹೆಂಡತಿಗೆ ಹೆಸರೇ ಇಲ್ಲ. ತೋಳತರುಣನ ಕೋಪದಲ್ಲಿ ಮುಖ ಸೀಳಿಸಿಕೊಂಡ ಎಮಿಲಿ ಅವನನ್ನೇ ಒಪ್ಪಿ ಬಾಳುತ್ತಾಳೆ. ಜೇಕಬ್‌ನ ಒಲವು ಆಗತಾನೆ ಹುಟ್ಟಿದ ಶಿಶುವಿಗೆ ಗಂಟುಬೀಳುತ್ತದೆ. ಮೊದಲ ಓದಿನಲ್ಲಿ ವಿಧಿಯೆನಿಸಿದ್ದು ಮರು ಓದಿನಲ್ಲಿ ಹಿಂಸೆಯೆನಿಸುತ್ತದೆ. ಪುಸ್ತಕಗಳು ಕೋಟಿಗಟ್ಟಲೆ ಮಾರಾಟವಾದ ವರ್ಷಗಳಲ್ಲಿ ಆ ಬುಡಕಟ್ಟಿನ ಶಾಲೆ ಸುನಾಮಿಯ ಅಪಾಯವಿರುವ ತಗ್ಗಿನಲ್ಲಿತ್ತು. ಎತ್ತರದ ನೆಲವನ್ನು ಅವರಿಗೆ ಬಿಟ್ಟುಕೊಡುವ ಕಾನೂನು ಬಂದದ್ದು 2012ರಲ್ಲಿ. ಜಾನಪದ ಸಂಗ್ರಹದಲ್ಲಿ ತೊಡಗಿದವರಿಗೆ ಈ ಪ್ರಸಂಗವನ್ನು ವಿವರಿಸಿ ಹೇಳಬೇಕಾಗಿಲ್ಲ. ಕಥೆಯನ್ನು ಕೊಟ್ಟ ಸಮುದಾಯ ಕಥೆಯೊಳಗೆ ಯಾವ ರೂಪದಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆ ಇಲ್ಲಿಯೂ ಇದೆ.

ಇನ್ನು ಭಾಷೆಯ ಪ್ರಶ್ನೆ. ಈ ಕಥೆಗಳನ್ನು ಕನ್ನಡದಲ್ಲಿ ಹೇಳಹೊರಟರೆ ಮೊದಲ ತೊಡಕು ಎದುರಾಗುವುದು ಪಾರಿಭಾಷಿಕ ಪದದಲ್ಲಿ ಎಂದು ತೋರಬಹುದು. 'ತೋಳಮಾನವ' ಎಂಬ ಪದ ಬಳಕೆಯಲ್ಲಿದ್ದರೂ ಅದರಲ್ಲಿ ಪ್ರಣಯದ ಸುಳಿವಿಲ್ಲ. ಬಯಲುಸೀಮೆಯ ಕನ್ನಡಿಗರಿಗೆ ತೋಳವೆಂದರೆ ಕುರಿಗಾಹಿಯ ಶತ್ರು, 'ತೋಳ ಬಂತು ತೋಳ' ಎಂಬ ಶಾಲಾಪಾಠದ ಪ್ರಾಣಿ. ಮೇಲುಕೋಟೆಯ ವನ್ಯಧಾಮವನ್ನು 1974ರಲ್ಲಿ ತೋಳಗಳ ರಕ್ಷಣೆಗೆಂದೇ ಸ್ಥಾಪಿಸಿದರೂ ಅದು ಪ್ರೇಮಿಯಾಗಿ ಕನ್ನಡದ ಕಲ್ಪನೆಯನ್ನು ಹೊಕ್ಕಿಲ್ಲ. ಆ ಸ್ಥಾನ ಹಾವಿನದು. ಆದರೆ ನಿಜವಾದ ತೊಡಕು ನಾಮಪದದಲ್ಲಿಲ್ಲ, ಸರ್ವನಾಮದಲ್ಲಿದೆ.

ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ ಎಂಬುದು 13ನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಿಂದ ಇಂದಿನವರೆಗೆ ಎಲ್ಲ ವ್ಯಾಕರಣಗಳೂ ಬಲ್ಲ ಸಂಗತಿ. ಮನುಷ್ಯನಾದರೆ ಅವನು, ಅವಳು, ಉಳಿದುದೆಲ್ಲ ಅದು. ಕ್ರಿಯಾಪದವೂ ಇದನ್ನು ಬಿಡದೆ ಹಿಂಬಾಲಿಸುತ್ತದೆ: ಬಂದನು, ಬಂದಳು, ಬಂದಿತು. ಗ್ರೇಸ್ ಇಂಗ್ಲಿಷಿನಲ್ಲಿ ಒಂದೇ ಸರ್ವನಾಮದಿಂದ ಕಾಡಿನ ತೋಳವನ್ನೂ ಕೋಣೆಯ ಸ್ಯಾಮ್‌ನನ್ನೂ ಕುರಿತು ಹೇಳಬಲ್ಲಳು. ಸಾಕುಪ್ರಾಣಿಯನ್ನೂ ಆ ಭಾಷೆಯಲ್ಲಿ ಹಾಗೆ ಹೇಳುವುದುಂಟು. ಕನ್ನಡದ ಅನುವಾದಕನಿಗೆ ಈ ಸವಲತ್ತಿಲ್ಲ. ಕಿಟಕಿಯಾಚೆ ನಿಂತ ಹಳದಿ ಕಣ್ಣು 'ನೋಡಿತು' ಎಂದರೆ ಅವನು ಪ್ರಾಣಿ. 'ನೋಡಿದ' ಎಂದರೆ ಗುಟ್ಟು ಮೊದಲ ಪುಟದಲ್ಲೇ ಬಯಲು. ರೂಪಾಂತರದ ಪ್ರತಿ ಸಂದರ್ಭದಲ್ಲೂ ಯಾವ ವಾಕ್ಯದಲ್ಲಿ ಅವನು ಅದಾಗುತ್ತಾನೆ ಎಂದು ತೀರ್ಮಾನಿಸಲೇಬೇಕು. ಹೆತ್ತವರು ಸ್ಯಾಮ್‌ನನ್ನು ತೊಟ್ಟಿಗಿಳಿಸಿದ ಹೊತ್ತಿಗೆ ಅವರ ಮನಸ್ಸಿನಲ್ಲಿ ಅವನು ಅದಾಗಿದ್ದ. ಇಂಗ್ಲಿಷಿನಲ್ಲಿ ಹಲವು ಪುಟಗಳಲ್ಲಿ ಚೆದುರಿರುವ ಈ ಸಂಗತಿಯನ್ನು ಕನ್ನಡ ಒಂದು ಆಖ್ಯಾತ ಪ್ರತ್ಯಯದಲ್ಲಿ ಹೇಳಬಲ್ಲದು.

ಕಥೆ ಹೇಳುವ ಅಜ್ಜಿಯರು ಈ ಗಡಿಯನ್ನು ದಾಟಲು ನಂಟಿನ ಪದಗಳನ್ನು ಬಳಸಿದ್ದರು. ಕಾಗಕ್ಕ, ನರಿಯಣ್ಣ, ನಾಗಪ್ಪ ಎಂದು ಕರೆದರೆ ಪ್ರಾಣಿ ಮನೆಯೊಳಗೆ ಬರುತ್ತದೆ. ನಾಗಪ್ಪ ಮಾತ್ರ ಪ್ರೇಮಿಯೂ ಆಗಬಲ್ಲ. ಅಕ್ಕ, ಅಣ್ಣ ಎಂದ ಮೇಲೆ ಆ ದಾರಿ ಮುಚ್ಚಿತು. ತೋಳಕ್ಕೆ ಇಂಥ ನಂಟಿನ ಹೆಸರು ರೂಢಿಯಲ್ಲಿಲ್ಲದಿರುವುದು ಆಕಸ್ಮಿಕವೆನಿಸುವುದಿಲ್ಲ. ಅದನ್ನು ಮನೆಯೊಳಗೆ ಕರೆದವರಿಲ್ಲ.

ಇದೇ ವ್ಯಾಕರಣ ಹದಿಹರೆಯದ ಓದುಗಳನ್ನೂ ಮುಟ್ಟುತ್ತದೆ. ಕನ್ನಡದಲ್ಲಿ ಮಗು ನಪುಂಸಕ: ಮಗು ಅತ್ತಿತು, ಮಗು ಮಲಗಿತು. ಹಳೆಯ ಮೈಸೂರು ಕಡೆಯ ಮನೆಮಾತಿನಲ್ಲಿ ಬೆಳೆದ ಹುಡುಗಿಯ ಬಗೆಗೂ ಅಕ್ಕರೆಯಿಂದ, ಕೆಲವೊಮ್ಮೆ ಅಸಡ್ಡೆಯಿಂದ, 'ಹುಡುಗಿ ಬಂತು', 'ಪಾಪ, ಅದಕ್ಕೇನು ಗೊತ್ತಾಗುತ್ತೆ' ಎನ್ನುವುದುಂಟು. ಬನಶಂಕರಿಯ ಮನೆಯೊಂದರಲ್ಲಿ ಹದಿನಾರರ ಹುಡುಗಿ ಶಾಲೆಯಲ್ಲಿ ಅವಳು, ಕನ್ನಡಿಯ ಮುಂದೆ ಅವಳು, ನಡುಮನೆಯಲ್ಲಿ ಹಿರಿಯರ ಮಾತಿನೊಳಗೆ ಇನ್ನೂ ಅದು. ದಿನಕ್ಕೆ ಹಲವು ಬಾರಿ ಈ ಗಡಿಯನ್ನು ದಾಟುತ್ತಿದ್ದವಳು ಕೋಣೆಯ ಬಾಗಿಲು ಹಾಕಿಕೊಂಡು, ಚಳಿಗಾಲದಲ್ಲಿ ಅದಾಗಿ ಬೇಸಿಗೆಯಲ್ಲಿ ಅವನಾಗುವ ತರುಣನ ಕಥೆಯನ್ನು, ಈ ವ್ಯತ್ಯಾಸವನ್ನು ಕ್ರಿಯಾಪದದಲ್ಲಿ ತೋರಿಸದ ಭಾಷೆಯೊಂದರಲ್ಲಿ ಓದುತ್ತಿದ್ದಳು.